ಎಂಟು ಸಾವಿರ ಸುತ್ತು

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಈ ಮನೆಯ ಜಗಳಕ್ಕೆ ಮೂವತ್ತು ವರ್ಷ. ಉಂಡು, ಮಲಗಿ, ಎದ್ದ ಮೇಲೂ ಹಾಗೇ ಇರುತ್ತಿತ್ತು. ಮೇಸ್ತ್ರಿ ಮರ ಕೊರೆದು ಎಲೆಕ್ಟ್ರಿಕ್ ಗಿಟಾರು ಮಾಡುವವರು. ಹೆಂಡತಿ ಅದಕ್ಕೆ ಪಿಕಪ್ ಸುತ್ತುವವಳು. ಮದುವೆಗೆ ಮುಂಚೆ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ತಂತಿಯ ಕಾಯಿಲ್ ಸುತ್ತುತ್ತಿದ್ದವಳಾದ್ದರಿಂದ ಬೀದಿಗೆಲ್ಲ ಆಕೆ ಕಾಯಿಲಕ್ಕ. ದನಿ ಮರದ್ದು ಅಂತ ಅವರು, ದನಿ ಕಾಯಿಲಿಂದು ಅಂತ ಈಕೆ.

“ಮರ ಸರಿಯಿಲ್ದಿದ್ರೆ ನಿನ್ನ ತಂತಿ ಕಟ್ಕೊಂಡು ಏನ್ ಮಾಡ್ತೀಯೇ?”

“ನನ್ನ ತಂತಿ ಇಲ್ದಿದ್ರೆ ನಿಮ್ಮ ಮರ ಒಲೆಗಾಗುತ್ತೆ, ಬಿಡಿ.”

ಇಬ್ಬರದ್ದೂ ಅರ್ಧ ಸರಿ. ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳನೆಯ ತಾಮ್ರದ ತಂತಿಯನ್ನು ಎಂಟು ಸಾವಿರ ಸುತ್ತು ಸುತ್ತಿದರೆ ಒಂದು ಪಿಕಪ್ ಆಗುತ್ತದೆ. ಗಿಟಾರಿನ ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಮುಟ್ಟಿಸುವುದು ಅದೇ. ಸುತ್ತು ಏರಿದಷ್ಟೂ ದನಿ ದಪ್ಪ, ಇಳಿದಷ್ಟೂ ಚೂಪು. ಆದರೆ ಆ ತಂತಿ ಎಷ್ಟು ಹೊತ್ತು ನಡುಗಬೇಕು ಅನ್ನುವುದರಲ್ಲಿ ಮರದ ಮಾತೂ ನಡೆಯುತ್ತದೆ. ಇದನ್ನು ಕಾಯಿಲಕ್ಕ ಮನಸ್ಸಿನಲ್ಲಿ ಎಂದೋ ಒಪ್ಪಿದ್ದಳು. ಬಾಯಿಬಿಟ್ಟು ಹೇಳೋಕೆ ಆಕೆಗೇನು ಹುಚ್ಚೇ?

ಹೋದ ವರ್ಷ ಒಂದು ದಿನ ಮೇಸ್ತ್ರಿ, “ದನಿ ಮಂಕು ಹೊಡೀತಿದೆ ಕಣೇ, ಐನೂರು ಸುತ್ತು ಕಮ್ಮಿ ಮಾಡು” ಎಂದರು. ಮಾಡಿದಳು. ಮುಂದಿನ ಗಿಟಾರಿಗೆ ಇನ್ನೂ ಐನೂರು ಕಮ್ಮಿ ಎಂದರು. ಅದನ್ನೂ ಮಾಡಿದಳು; ಆಕೆಯ ಕಿವಿಗೆ ಅದು ತಗಡು ಕೆರೆದ ಹಾಗಿತ್ತು. ಅದೇ ವಾರ ಕುಕ್ಕರ್ ಮೂರು ಸಲ ಕೂಗಿದ ಮೇಲೆ ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿ, “ಇನ್ನೂ ವಿಷಲ್ ಬಂದಿಲ್ವಾ?” ಎಂದು ಕೇಳಿದರು. ಆಕೆ ಒಲೆ ಆರಿಸಿ ಅವರ ಮುಖ ನೋಡಿದಳು. ಮಂಕಾಗಿದ್ದು ಗಿಟಾರಲ್ಲ.

ಹೇಳಬಹುದಿತ್ತು, ಹೇಳಲಿಲ್ಲ. “ನನ್ನ ಕಿವಿ ಒಪ್ಪದ ಗಿಟಾರು ಬಾಗಿಲು ದಾಟಲ್ಲ” ಎಂದು ಬಂದವರಿಗೆಲ್ಲ ಹೇಳಿಕೊಳ್ಳುವ ಮನುಷ್ಯನಿಗೆ ಆ ಕಿವಿಯೇ ಕೈಕೊಟ್ಟಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಆಮೇಲೆ ಅವರು ಕಮ್ಮಿ ಮಾಡು ಎಂದಾಗಲೆಲ್ಲ “ಆಯ್ತು” ಎಂದು ತಲೆಯಾಡಿಸಿ, ಎಂಟು ಸಾವಿರವನ್ನೇ ಸುತ್ತಿದಳು. ಕಮ್ಮಿಯಾಗಿದೆ ಎಂದು ನಂಬಿ ಮೇಸ್ತ್ರಿಯೂ “ಈಗ ನೋಡು, ಹೇಗೆ ಬಂತು!” ಎಂದು ಹಿಗ್ಗಿದರು. ಹಾಗೆ ನಾಲ್ಕು ಗಿಟಾರು ಬಾಗಿಲು ದಾಟಿದವು.

ಐದನೆಯದು ಸಂಗೀತದ ಟೀಚರಮ್ಮನದು. ಅದು ಮುಗಿದ ದಿನ ಸಂಜೆ ನಾಲ್ಕು ಗಂಟೆಗೆ ಒಯ್ಯಲು ಬರುವವರಿದ್ದರು. ಊಟ ಮುಗಿಸಿ ಮೇಸ್ತ್ರಿ ಸಣ್ಣ ತಂತಿ ಮೀಟಿದರು. ಮತ್ತೆ ಮೀಟಿದರು. ಸ್ಪೀಕರಿನ ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಈ ಸಲ ನಂಬಿಕೆಯೂ ಕೈಹಿಡಿಯಲಿಲ್ಲ.

“ಮರ ಸತ್ತಿದೆ. ಮರ ಗುರುತಿಸೋಕೆ ಬರದವನು ಈ ಕೆಲಸದಲ್ಲಿ ಇರಬಾರದು. ಇದೇ ಕೊನೇದು” ಎಂದು ಗರಗಸ ಎತ್ತಿಕೊಂಡರು. ಕೆಟ್ಟ ಮರ ಇನ್ನೊಬ್ಬರ ಕೈಗೆ ಹೋಗಬಾರದೆಂದು ಎರಡು ತುಂಡು ಮಾಡಿ ಮೂಲೆಗೆ ಹಾಕುವುದು ಅವರ ಪದ್ಧತಿ.

ಕಾಯಿಲಕ್ಕ ಓಡಿ ಬಂದು ಗರಗಸದ ಹಿಡಿಯನ್ನು ಹಿಡಿದುಕೊಂಡಳು.

“ಮರಕ್ಕೇನೂ ಆಗಿಲ್ಲ ರೀ.”

“ಬಿಡೇ.”

“ಬಿಡಲ್ಲ. ನಾನು ಸುತ್ತು ಕಮ್ಮಿ ಮಾಡೇ ಇಲ್ಲ. ಇದಕ್ಕೂ ಇಲ್ಲ, ಹಿಂದಿನ ನಾಲ್ಕಕ್ಕೂ ಇಲ್ಲ. ಎಲ್ಲಾ ಎಂಟು ಸಾವಿರವೇ. ದನಿ ಗಂಟೆ ಹೊಡೆದ ಹಾಗಿದೆ. ನಿಮಗೇ ಕೇಳ್ತಿಲ್ಲ.”

ಮೇಸ್ತ್ರಿ ಸ್ಟೂಲಿನ ಮೇಲೆ ಕೂತರು. ಬೈಯುತ್ತಾರೆ ಎಂದುಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಯಾವಾಗಿಂದ ಗೊತ್ತು?”

“ಹೋದ ವರ್ಷದಿಂದ.”

“ವರ್ಷ ಪೂರ್ತಿ ನನ್ನ ಪೆದ್ದ ಮಾಡಿದೆಯಲ್ಲೇ.”

“ಮಾಡಿದೆ. ಹೇಳಿದ್ರೆ ಉಳಿ ಕೆಳಗಿಟ್ಟುಬಿಡ್ತೀರಿ ಅಂತ ಹೆದರಿಕೆ ಆಯ್ತು. ಆಮೇಲೆ ನಾನು ಯಾರ ಹತ್ರ ಜಗಳ ಆಡ್ಲಿ?” ಆಕೆಗೆ ಅಳು ಬಂದುಬಿಟ್ಟಿತು. ಅಂಗೈಯಲ್ಲಿ ಒರೆಸಿಕೊಳ್ಳಲು ಹೋಗಿ, ಕಾಯಿಲಿಗೆ ಹಚ್ಚಿದ್ದ ಮೇಣ ಕೆನ್ನೆಗೆ ಮೆತ್ತಿಕೊಂಡಿತು.

ಮೇಸ್ತ್ರಿ ಗರಗಸ ಪಕ್ಕಕ್ಕಿಟ್ಟು, ಹೆಬ್ಬೆರಳಿನಿಂದ ಆ ಮೇಣ ಕಿತ್ತರು. “ಬಾ, ಮೀಟು” ಎಂದು ಗಿಟಾರಿನ ಭುಜಕ್ಕೆ ದವಡೆ ಒತ್ತಿ ಕಣ್ಣು ಮುಚ್ಚಿದರು. ಆಕೆ ಮೀಟಿದಳು. ಮರದ ನಡುಕ ಮೂಳೆಗೆ ಹತ್ತಿತು. ಅದು ನಿಲ್ಲುವ ತನಕ ಬೆರಳು ಮಡಚುತ್ತಾ ಎಣಿಸಿದರು. ಹತ್ತೊಂಬತ್ತಕ್ಕೆ ನಿಂತಿತು.

“ಸತ್ತ ಮರ ಅಲ್ಲ” ಎಂದರು.

“ಅದನ್ನೇ ಅಲ್ವಾ ಬಡ್ಕೊಂಡಿದ್ದು?”

ನಾಲ್ಕಕ್ಕೆ ಟೀಚರಮ್ಮ ಬಂದರು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಒಂದಿಷ್ಟು ನುಡಿಸಿದರು. ಮೇಸ್ತ್ರಿ ಗಿಟಾರಿನ ಕಡೆ ನೋಡಲೇ ಇಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

“ಏನ್ ಮೇಸ್ತ್ರಿ, ನಿಮ್ಮ ಕಿವಿ ಒಪ್ಪಿತಾ?” ಎಂದು ಟೀಚರಮ್ಮ ಕೇಳಿದರು.

“ನನ್ನ ಕಿವಿ ಅಗೋ, ಅಲ್ಲಿ ನಿಂತಿದೆ. ಅವಳನ್ನೇ ಕೇಳಿ.”

ಕಾಯಿಲಕ್ಕನ ಬಾಯಿಂದ ಮೂವತ್ತು ವರ್ಷ ಹಲ್ಲು ಕಚ್ಚಿ ತಡೆದಿಟ್ಟ ಮಾತು ಜಾರಿಬಿತ್ತು. “ಮರ ತುಂಬ ಚೆನ್ನಾಗಿದೆ” ಎಂದಳು, ಮೆಲ್ಲಗೆ.

“ಏನಂದೆ?” ಮೇಸ್ತ್ರಿ ಕಿವಿಗೆ ಕೈ ಹಿಡಿದು ಮುಂದಕ್ಕೆ ಬಗ್ಗಿದರು. ನಿಜವಾಗಿ ಕೇಳಿಸಲಿಲ್ಲವೋ, ಇನ್ನೊಂದು ಸಲ ಕೇಳೋಣ ಅನ್ನಿಸಿತೋ, ದೇವರಿಗೇ ಗೊತ್ತು.

“ಮರ ಚೆನ್ನಾಗಿದೆ ಅಂದೆ ಕಣ್ರೀ!” ಎಂದು ಕಾಯಿಲಕ್ಕ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.