ಕೆಂಪು ಅಂಕಿ

ಸ್ಪ್ಯಾನರಿನ ಸದ್ದಲ್ಲ, ಅದು ಎದುರು ಮನೆಯ ಗೇಟು, ಎಣ್ಣೆ ಕಂಡು ವರ್ಷವಾಯಿತು, ಯಾರು ತೆಗೆದರೂ ಹೀಗೇ ಕಿರ್ರೆನ್ನುತ್ತದೆ, ನೀರಿನ ಸಂಪರ್ಕ ಕತ್ತರಿಸುವವನು ಬಂದರೆ ಅವಳಿಗೆ ಬೀದಿಯ ಆ ತುದಿಯಿಂದಲೇ ಗೊತ್ತಾಗುತ್ತದೆ, ಚೀಲದೊಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಆ ಸದ್ದನ್ನು ಮೀಟರು ಓದುವ ನೌಕರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಪಕ್ಕದಲ್ಲೇ ಕೇಳಿದವಳು ಅವಳು — ಕುರ್ಚಿಯನ್ನು ಇನ್ನೊಂದು ಗೇಣು ಗೇಟಿನ ಕಡೆಗೆ ಎಳೆದುಕೊಂಡಳು, ಕಾಲ ಬುಡದಲ್ಲೇ ಮೀಟರಿನ ಗುಂಡಿ, ಗುಂಡಿಗೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ನೀರಿನ ಕಚೇರಿಯ ಬೀಗ, ಬೀಗದ ಕೈ ಅವನ ಹತ್ತಿರ, ಅದಕ್ಕೇ ಅವನು ಬರಬೇಕು. ಬರಲಿ. ನೀರು ಕತ್ತರಿಸುವವನನ್ನು ತವರಿನವರನ್ನು ಕಾದಂತೆ ಕಾಯುವ ಹೆಂಗಸು ಈ ಬೀದಿಯಲ್ಲಿ ತಾನೊಬ್ಬಳೇ ಇರಬೇಕು ಎನಿಸಿ ನಗು ಬಂತು, ನಕ್ಕರೆ ಕಿಟಕಿಯಿಂದ ಗಂಡ ನೋಡುತ್ತಾನೆ, ಬಿಲ್ ಕಟ್ಟದೆ ಮೊಂಡುತನ ಮಾಡಿ ಈಗ ನಗು ಬೇರೆ ಕೇಡು ಎನ್ನುತ್ತಾನೆ, ನಗುವನ್ನು ನುಂಗಿಕೊಂಡಳು. ಒಳಗೆ ಸೊಸೆ ಬಕೆಟ್ಟು ತುಂಬಿಸುತ್ತಿದ್ದಾಳೆ, ಕೊಡ, ಪಾತ್ರೆ, ಕೂಸಿನ ಸ್ನಾನದ ಟಬ್ಬು, ಒಂದನ್ನೂ ಬಿಟ್ಟಿಲ್ಲ, ಅತ್ತೆಯ ಮಾತಿನ ಮೇಲೆ ಅವಳಿಗೆ ಎಷ್ಟು ನಂಬಿಕೆ ಎಂಬುದು ಆ ಸದ್ದಿನಲ್ಲೇ ತಿಳಿಯುತ್ತದೆ. ಪಾಪ, ಅವಳದೇನು ತಪ್ಪು, ಮೂರು ತಿಂಗಳ ಕೂಸನ್ನಿಟ್ಟುಕೊಂಡು ನೀರಿಲ್ಲದ ಮನೆಯಲ್ಲಿ ಹೇಗಿರುವುದು.

ಮಡಿಲಲ್ಲಿ ಬಿಲ್ಲು, ಮಡಿಸಿ ಬಿಚ್ಚಿ ಮಡಿಸಿ ಹರಿಯುವುದೊಂದು ಬಾಕಿ, ಹಿಂದಿನ ಅಂಕಿ ನಾನೂರ ಹನ್ನೆರಡು, ಈಗಿನ ಅಂಕಿ ನಾಲ್ಕು ಸಾವಿರದ ಮುನ್ನೂರ ಹದಿನೆಂಟು, ಅಂದರೆ ಎರಡು ತಿಂಗಳಲ್ಲಿ ನಾಲ್ಕು ಜನ ಮತ್ತೊಂದು ಕೂಸು ಸೇರಿ ಮೂವತ್ತೊಂಬತ್ತು ಲಕ್ಷ ಲೀಟರು ನೀರು ಕುಡಿದು ಮಿಂದು ಮುಗಿಸಿದ್ದಾರೆ, ಇವರೇನು ಮನುಷ್ಯರೋ ಆನೆಗಳೋ ಎಂದು ಮೀಟರು ಓದಿಹೋದ ಆ ಹೊಸ ರೀಡರನಿಗೂ ಅನಿಸಲಿಲ್ಲ, ಕಚೇರಿಯ ಕಂಪ್ಯೂಟರಿಗೂ ಅನಿಸಲಿಲ್ಲ. ಅವಳಿಗೆ ಬಿಲ್ಲು ಕೈಗೆ ಬಂದ ಕ್ಷಣದಲ್ಲೇ ತಿಳಿಯಿತು. ಕೊನೆಯ ಎಂಟನ್ನು ಹೆಬ್ಬೆರಳಿನಿಂದ ಮುಚ್ಚಿದಳು, ನಾನೂರ ಮೂವತ್ತೊಂದು, ಹತ್ತೊಂಬತ್ತು ಯೂನಿಟ್ಟು, ಯೂನಿಟ್ಟಿಗೆ ಸಾವಿರ ಲೀಟರು, ಅದು ತನ್ನ ಮನೆಯ ಲೆಕ್ಕ. ಮೀಟರಿನಲ್ಲಿ ನಾಲ್ಕು ಕಪ್ಪು ಅಂಕಿ, ಕೊನೆಗೊಂದು ಕೆಂಪು, ಕಪ್ಪನ್ನು ಬರೆಯಬೇಕು, ಕೆಂಪು ಬರೀ ಚಿಲ್ಲರೆ, ಬರೆಯಬಾರದು, ಬರೆದರೆ ಒಂದು ಹತ್ತಾಗುತ್ತದೆ, ಆದರೆ ಗಾಜಿನ ಮೇಲೆ ಕೆಸರು ಕೂತಿರುತ್ತದೆ, ಬಗ್ಗದೆ, ಒರೆಸದೆ, ನಿಂತಲ್ಲಿಂದಲೇ ಟಾರ್ಚು ಬಿಟ್ಟರೆ ಐದೂ ಒಂದೇ ಬಣ್ಣ, ಆ ಹೊಸಬ ಬಗ್ಗಿರುವುದಿಲ್ಲ, ಪ್ಯಾಂಟಿನ ಇಸ್ತ್ರಿ ಹಾಳಾಗುತ್ತದಲ್ಲ. ಇಷ್ಟನ್ನೂ ಕಚೇರಿಗೆ ಹೋಗಿ ಕೌಂಟರಿನವನಿಗೆ ಮಗುವಿಗೆ ಹೇಳಿದ ಹಾಗೆ ಹೇಳಿದಳು. ಮೊದಲು ಕಟ್ಟಿ, ಆಮೇಲೆ ಅರ್ಜಿ ಕೊಡಿ, ಜಾಸ್ತಿ ಆಗಿದ್ರೆ ಮುಂದಿನ ಬಿಲ್‌ಗಳಲ್ಲಿ ಮುರ್ಕೋತೀವಿ ಎಂದ. ಅವಳು ಅಲ್ಲೇ ಬಾಯಿಲೆಕ್ಕ ಹಾಕಿ, ಹಾಗೆ ಮುರಿದುಕೊಳ್ಳಲು ಮೂವತ್ತನಾಲ್ಕು ವರ್ಷ ಬೇಕು, ನಾನು ಅಲ್ಲಿವರೆಗೂ ಗಟ್ಟಿಯಾಗಿರಲಿ ಅಂತ ಹಾರೈಸಿದ್ದಕ್ಕೆ ಸಂತೋಷ ಎಂದು ಬಂದಳು, ಸಾಲಿನಲ್ಲಿದ್ದವರು ನಕ್ಕರು, ಅವನು ನಗಲಿಲ್ಲ. ಗಂಡ ಬ್ಯಾಂಕಿನ ಪುಸ್ತಕ ತೆಗೆದ, ಕಟ್ಟಿಬಿಡೋಣ ಬಿಡು, ಮಾನ ಹೋಗೋದು ಬೇಡ. ಮಾನ ಹೋಗುವುದು ಕಟ್ಟಿದರೆ ಎಂದಳು. ಮಗನೂ ಹೇಳಿ ಸೋತ. ತಾನು ಕಾಯುತ್ತಿರುವುದು ಏನನ್ನು ಎಂದು ಇವರಿಗೆ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗಲಿಲ್ಲ — ನೀರು ಕತ್ತರಿಸುವ ಮುಂಚೆ ಮುಚ್ಚಳ ತೆಗೆದು, ಮನೆಯವರ ಕಣ್ಣೆದುರು ಅಂಕಿ ಓದಿ, ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು, ಆ ಅಂಕಿ ಬಿಲ್ಲಿನದಕ್ಕಿಂತ ಕಡಿಮೆ ಬಂದರೆ ಕತ್ತರಿಸುವಂತಿಲ್ಲ, ಬಿಲ್ಲು ವಾಪಸ್ಸು ಹೋಗಿ ಹೊಸದಾಗಿ ಬರಬೇಕು, ಏಕೆಂದರೆ ಮೀಟರು ಹಿಂದಕ್ಕೆ ಓಡುವುದಿಲ್ಲ. ಆ ಚೀಟಿ ಪುಸ್ತಕವನ್ನು ಎಷ್ಟು ವರ್ಷ ಹೆಗಲ ಚೀಲದಲ್ಲಿ ಹೊತ್ತಿಲ್ಲ ಅವಳು. ಬಿಲ್ಲಾಗಿ ಒಂದು ತಿಂಗಳಾಯಿತು, ಇವತ್ತು ಮುಚ್ಚಳದ ಕೆಳಗೆ ನಾನೂರ ನಲವತ್ತು ಇರಬೇಕು. ಇರಬೇಕು. ನೆಲದೊಳಗೆ ಪೈಪು ಒಡೆದು ಯಾರಿಗೂ ಕಾಣದೆ ಸೋರಿದ್ದರೆ ಎಂಬ ಯೋಚನೆ ಬೆಳಿಗ್ಗೆಯಿಂದ ಎರಡು ಸಲ ಬಂತು, ಎರಡು ಸಲವೂ ಓಡಿಸಿದಳು.

ಬಗ್ಗುವುದಲ್ಲ, ಮಂಡಿ ಊರಬೇಕು, ಬಗ್ಗಿದರೆ ನೆರಳು ಗಾಜಿನ ಮೇಲೆ ಬೀಳುತ್ತದೆ. ಕಚೇರಿಯಲ್ಲಿ ಅವಳ ಹೆಸರೇ ಮಂಡಿಯಮ್ಮ ಎಂದಾಗಿತ್ತು, ಸೀರೆಯ ಮುಂದೆ ಎರಡು ಕೆಸರಿನ ಕಲೆ ಹೊತ್ತು ಸಂಜೆ ಹಿಂದಿರುಗಿದರೆ ಗಂಡಸು ರೀಡರುಗಳು, ಅಕ್ಕ ಇವತ್ತು ಎಷ್ಟು ಮನೆಗೆ ನಮಸ್ಕಾರ ಹಾಕಿದ್ರಿ ಎಂದು ಕೇಳುತ್ತಿದ್ದರು, ಕೇಳಲಿ, ಅವರ ಬಿಲ್ಲುಗಳು ವಾಪಸ್ಸು ಬರುತ್ತಿದ್ದವು, ಅವಳದು ಬರುತ್ತಿರಲಿಲ್ಲ, ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೂ ಬರಲಿಲ್ಲ ಎಂದು ನಿವೃತ್ತಿಯ ದಿನ ಸಾಹೇಬರು ಮೈಕಿನಲ್ಲಿ ಹೇಳಿದರು, ಅವಳು ತಲೆ ಎತ್ತಿ ಕೂತಿದ್ದಳು. ಒಂದೂ ಬರಲಿಲ್ಲ ಎಂಬುದು ನಿಜ. ನೌಕರಿಯ ಮೊದಲನೆಯ ತಿಂಗಳು, ಇನ್ನೂ ಮಂಡಿ ಊರಲು ನಾಚಿಕೆ, ಹೊಸ ಸೀರೆ, ಸಂದಿಯ ಕೊನೆಯ ಮನೆ, ಬಟ್ಟೆ ಹೊಲಿಯುವ ಒಬ್ಬಂಟಿ ಹೆಂಗಸು, ಇವಳು ನಿಂತಲ್ಲಿಂದಲೇ ಓದಿ ಐದು ಅಂಕಿಯನ್ನೂ ಬರೆದಳು. ವಾಪಸ್ಸು ಬರಲಿಲ್ಲ, ಏಕೆಂದರೆ ಆ ಹೆಂಗಸು ಕಟ್ಟಿಬಿಟ್ಟಳು. ಎರಡು ತಿಂಗಳು ಬಿಟ್ಟು ಮತ್ತೆ ಹೋದಾಗ ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದಿಲ್ಲ, ಆ ಹೆಂಗಸು ಕೈಯಲ್ಲೇ ಕಾಜಾ ಹೊಲಿಯುತ್ತಿದ್ದಳು, ಬಿಲ್ ಕಟ್ಟೋಕೆ ಮಿಷನ್ ಮಾರ್ಬಿಟ್ಟೆ ಕಣಮ್ಮ, ನೀರಿಲ್ದೆ ಹೇಗಿರೋದು, ಅಂಕಿ ಸುಳ್ಳು ಹೇಳುತ್ತಾ ಎಂದಳು. ಮುಚ್ಚಳ ತೆಗೆದು ನೋಡಿದರೆ ಕೊನೆಯ ಅಂಕಿ ಕೆಂಪು, ತಪ್ಪು ತನ್ನದೇ, ಕಚೇರಿಗೆ ಬಂದು ಹೇಳಿದಳು. ಮೇಲಿನವರು ಸುಮ್ಮನಿರು, ಮುಂದಿನ ಬಿಲ್ಲಿನಲ್ಲಿ ಸರಿಹೋಗುತ್ತದೆ, ನೌಕರಿ ಇನ್ನೂ ಕಾಯಂ ಆಗಿಲ್ಲ ನಿಂದು ಎಂದರು, ಅವಳು ಸುಮ್ಮನಿದ್ದಳು. ಆ ಸಂಜೆಯಿಂದ ಮಂಡಿ ಊರಲು ಶುರುಮಾಡಿದಳು. ಊರಿ ಊರಿ ಮಂಡಿಚಿಪ್ಪು ಸವೆದು ಈಗ ಡಾಕ್ಟರು ನೆಲದ ಮೇಲೆ ಕೂರಲೇಬೇಡಿ ಎಂದಿದ್ದಾರೆ, ಅದರ ಬಗ್ಗೆ ಅವಳಿಗೆ ದುಃಖವಿಲ್ಲ, ಹೆಮ್ಮೆಯೇ ಇದೆ, ಸಾವಿರಾರು ಮನೆಗಳ ನೀರನ್ನು ಸರಿಯಾಗಿ ಬರೆದ ಮಂಡಿಗಳು ಇವು. ಆ ಒಂದು ಮನೆ ಬಿಟ್ಟು. ಆ ಹೆಂಗಸೂ ಹೀಗೇ ಗೇಟಿಗೆ ಕುರ್ಚಿ ಹಾಕಿ ಕೂತು ಕಟ್ಟಲ್ಲ ಹೋಗು ಎಂದಿದ್ದರೆ, ಎಂದಿದ್ದರೆ, ಎನ್ನಬೇಕು ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು.

ಸದ್ದು. ಈಗ ಸ್ಪ್ಯಾನರಿನದೇ. ನಡುವಯಸ್ಸಿನವನು, ಬೆವರಿದ್ದಾನೆ, ಗೇಟಿನಾಚೆಯೇ ನಿಂತು ಚೀಲವಿಳಿಸಿ ಚೀಟಿ ಪುಸ್ತಕ ತೆಗೆದ, ಅವಳು ಕೊಟ್ಟ ಬಿಲ್ಲನ್ನು ನೋಡಿ ಅದೇ ಅಂಕಿಯನ್ನು ಚೀಟಿಗೆ ಇಳಿಸಿಕೊಂಡ, ನಾಲ್ಕು ಸಾವಿರದ ಮುನ್ನೂರ ಹದಿನೆಂಟು, ಎಷ್ಟು ಸಲೀಸು, ಇಲ್ಲೊಂದು ಸಹಿ ಹಾಕಮ್ಮ ಎಂದು ಪೆನ್ನು ಚಾಚಿದ. ಕಿಟಕಿಯಲ್ಲಿ ಗಂಡನ ಮುಖ, ಅದರ ಹಿಂದೆ ಸೊಸೆ, ಹೆಗಲ ಮೇಲೆ ಕೂಸು, ಎದುರು ಮನೆಯ ಗೇಟೂ ಕಿರ್ರೆಂದಿತು, ನೋಡಲಿ ಎಲ್ಲರೂ. ಅವಳು ಪೆನ್ನು ಮುಟ್ಟಲಿಲ್ಲ. ಮುಚ್ಚಳ ತೆಗಿಯಪ್ಪ. ಅಂಕಿ ಬಿಲ್ಲಲ್ಲೇ ಇದೆಯಲ್ಲಮ್ಮ, ತೆಗೆದ್ರೂ ಅದೇ. ಅದೇ ಇದ್ರೆ ನಾನೇ ಸ್ಪ್ಯಾನರ್ ಹಿಡ್ಕೊಡ್ತೀನಿ, ತೆಗಿ. ಅವನು ನಿಟ್ಟುಸಿರುಬಿಟ್ಟು ಒಳಗೆ ಬಂದು ಗುಂಡಿಯ ಬೀಗ ತೆಗೆದ, ಮುಚ್ಚಳ ಎತ್ತಿದ, ಹಳೆಯ ನೀರಿನ ತಣ್ಣನೆಯ ವಾಸನೆ ಬಂತು, ನಿಂತಲ್ಲಿಂದಲೇ ಇಣುಕಿ ಟಾರ್ಚು ಬಿಟ್ಟ. ಹಾಗಲ್ಲ ಎಂದಳು. ತನ್ನ ದನಿ ಇಷ್ಟು ಗಟ್ಟಿಯಾಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ನಾನು ಇಪ್ಪತ್ತೊಂಬತ್ತು ವರ್ಷ ಮಂಡಿ ಊರಿದೀನಿ, ನೀನು ಒಂದ್ಸಲ ಊರು. ಅವನು ಒಮ್ಮೆ ಅವಳ ಮುಖ ನೋಡಿದ, ಆಮೇಲೆ ಊರಿದ. ಅವಳೂ ಕುರ್ಚಿಯ ಕೈ ಹಿಡಿದು ಇಳಿಯತೊಡಗಿದಳು, ಲೇ, ಬೇಡ ಕಣೇ ಎಂದು ಕಿಟಕಿಯಿಂದ ಗಂಡ, ಒಂದು ಮಂಡಿ, ಪ್ರಾಣ ಹೋದಂತಾಯಿತು, ಇನ್ನೊಂದು ಮಂಡಿ, ಇಬ್ಬರ ತಲೆಯೂ ಗುಂಡಿಯ ಮೇಲೆ, ಅವನು ತೋಳಿನ ಬಟ್ಟೆಯಿಂದ ಗಾಜು ಒರೆಸಿದ, ಕೆಸರು ಬಿಟ್ಟುಕೊಂಡಿತು. ಜೋರಾಗಿ ಓದು, ಎಡದಿಂದ. ಸೊನ್ನೆ. ನಾಲ್ಕು. ನಾಲ್ಕು. ಒಂದು. ಮುಂದಿನದು ಕೆಂಪು, ಅವನು ಅಲ್ಲಿಗೇ ನಿಲ್ಲಿಸಿದ. ನಾನೂರ ನಲವತ್ತೊಂದು, ಅವಳ ಲೆಕ್ಕಕ್ಕಿಂತ ಒಂದು ಹೆಚ್ಚು, ಕೂಸಿನ ಬಟ್ಟೆ ಒಗೆಯುವ ನೀರನ್ನು ಹಿಡಿದಿರಲಿಲ್ಲ ಅವಳು, ಆ ಒಂದಕ್ಕೆ ಕಟ್ಟುತ್ತಾಳೆ, ಸಂತೋಷವಾಗಿ ಕಟ್ಟುತ್ತಾಳೆ, ಕೇಳಿತೇನ್ರೀ ಎಂದು ಕಿಟಕಿಯ ಕಡೆಗೆ ಕೂಗಬೇಕೆನಿಸಿತು, ಬೀದಿಗೆಲ್ಲ ಕೇಳುವಂತೆ. ಅವನು ಬರೆದಿದ್ದ ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡ, ಹೊಸದರಲ್ಲಿ ಬರೆದ, ಸ್ಪ್ಯಾನರು ಚೀಲದೊಳಗೇ ಉಳಿಯಿತು, ಮಂಡಿಯ ಮೇಲೆಯೇ ಅವಳ ಕಡೆ ತಿರುಗಿ, ತಪ್ಪು ನಮ್ದೇ ಅಮ್ಮ ಎಂದ. ಎಷ್ಟು ಸುಲಭವಾಗಿ ಅಂದುಬಿಟ್ಟ. ಮೂರೇ ಮಾತು, ಒಂದು ಉಸಿರು ಸಾಕು, ಆ ಸಂದಿಯ ಕೊನೆಯ ಮನೆಯವರೆಗೆ ನಡೆದು ಹೋದರೆ ಹತ್ತು ನಿಮಿಷ, ಇಪ್ಪತ್ತೊಂಬತ್ತು ವರ್ಷ ಅವಳಿಗೆ ಹತ್ತು ನಿಮಿಷ ಸಿಗಲಿಲ್ಲ, ಏನಾದರೂ ಹೇಳಬೇಕು ಇವನಿಗೆ, ಪರವಾಗಿಲ್ಲಪ್ಪ ಎನ್ನಬೇಕು, ಹಾಗೆನ್ನಲು ತಾನ್ಯಾರು, ಒಳಗೆ ಸೊಸೆ ನಲ್ಲಿ ತಿರುಗಿಸಿರಬೇಕು, ಒರೆಸಿದ ಗಾಜಿನ ಕೆಳಗೆ ಕೆಂಪು ಅಂಕಿ ಅಲುಗಿತು, ಐದು, ಐದು ಮೇಲೆ ಸರಿಯುತ್ತಿದೆ, ನಿಧಾನ, ಕೆಳಗಿನಿಂದ ಆರರ ತುದಿ, ಕೆಂಪು, ಆರು —