ನಲವತ್ತೊಂದನೆಯ ಲಾಗ್

ಮಧುಕುಮಾರನಿಗೆ ಬೇಕಾಗಿದ್ದುದು ಒಂದೇ: ಅಪ್ಪ ದ್ಯಾವಯ್ಯ ಸತ್ತದ್ದು ನರ್ಸ್ ಹೇಮಲತಾಳಿಂದಲೇ ಎಂಬ ಪುರಾವೆ. ಡಯಾಲಿಸಿಸ್ ನಡೆಯುತ್ತಿದ್ದಾಗ ಮುದುಕನ ಬಿ.ಪಿ. ಕುಸಿದಿತ್ತು, ಯಂತ್ರ ಕೂಗಿಕೊಂಡರೂ ಅವಳು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ್ದಳು. ದೂರು ಕೊಟ್ಟವನು ಇವನೇ. ನಾಳೆ ಆಸ್ಪತ್ರೆಯಲ್ಲಿ ವಿಚಾರಣೆ. ತಪ್ಪು ರುಜುವಾತಾದರೆ ಅವಳ ಕೆಲಸ ಹೋಗುತ್ತದೆ, ಬೇರೆಲ್ಲೂ ಯಾರೂ ಸೇರಿಸಿಕೊಳ್ಳುವುದಿಲ್ಲ.

ಅರಸೀಕೆರೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರಿಗೆ ಪುರಾವೆ ಹುಡುಕುವುದು ಯಾವ ಮಹಾ! ಯಂತ್ರದ ತಂತ್ರಾಂಶ ತಾನಿಟ್ಟ ಒಂದೊಂದು ಹೆಜ್ಜೆಯನ್ನೂ, ಯಾರಾದರೂ ಒತ್ತಿದ ಒಂದೊಂದು ಗುಂಡಿಯನ್ನೂ ಲಾಗ್‌ನಲ್ಲಿ ಬರೆದಿಡುತ್ತದೆ. ಆಸ್ಪತ್ರೆಯಿಂದ ಲಾಗುಗಳನ್ನು ಕೇಳಿ ಪಡೆದು, ಡಯಾಲಿಸಿಸ್ ಮುಗಿಸಿ ಅಪ್ಪ ಎದ್ದು ಮನೆಗೆ ಬಂದಿದ್ದ ನಲವತ್ತು ದಿನಗಳವುಗಳ ಪಕ್ಕ ಸತ್ತ ದಿನದ್ದನ್ನು ಇಟ್ಟು, ಮಾಹಿತಿ ಸಿದ್ಧಾಂತದ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ ಅಂಕ ಕೊಡಿಸಿದ. ಎಷ್ಟು ಅಪರೂಪವೋ ಅಷ್ಟು ಹೆಚ್ಚು ಅಂಕ. ತರಗತಿಯಲ್ಲೂ ಹೀಗೇ ಹೇಳುತ್ತಿದ್ದ: ಜಾವಗಲ್ ಬಸ್ಸು ತಡವಾಗಿ ಬಂದರೆ ಅದೇನು ಸುದ್ದಿಯೇನ್ರೋ? ಹೊತ್ತಿಗೆ ಸರಿಯಾಗಿ ಬಂದರೆ ಸುದ್ದಿ.

ಹೇಮಲತಾ ಗುಂಡಿ ಒತ್ತಿದ ಹೆಜ್ಜೆಗೆ ದೊಡ್ಡ ಅಂಕ ಬರಬೇಕಿತ್ತು. ಬಂದದ್ದು ಹೆಚ್ಚುಕಡಿಮೆ ಸೊನ್ನೆ. ಲೆಕ್ಕ ತಪ್ಪಿತೆಂದು ಮತ್ತೆ ಮಾಡಿದ, ಮತ್ತೆ ಸೊನ್ನೆ. ಕೊನೆಗೆ ಹಳೆಯ ಲಾಗುಗಳನ್ನು ಒಂದೊಂದಾಗಿ ಓದಿದ. ನಲವತ್ತರಲ್ಲೂ ಅಲಾರಂ ಕೂಗಿತ್ತು, ನಲವತ್ತರಲ್ಲೂ ಐದು ಸೆಕೆಂಡಿನೊಳಗೆ ಯಾರೋ ಅದನ್ನು ನಿಲ್ಲಿಸಿದ್ದರು.

ಯಾರೋ ಏನು ಬಂತು? ಆ ನಲವತ್ತು ದಿನವೂ ಹಾಸಿಗೆಯ ಪಕ್ಕ ಕೂತಿದ್ದವನು ಇವನೇ. ಅಪ್ಪ ಕೈ ಅಲುಗಿಸಿದರೂ ಯಂತ್ರ ಕೂಗುತ್ತಿತ್ತು. ಮುದುಕನ ನಿದ್ದೆ ಕೆಡುತ್ತದೆಂದು ಇವನು ಗುಂಡಿ ಒತ್ತುತ್ತಿದ್ದ. ದಿನಾ ಸಾಯುವವರಿಗೆ ಅಳುವವರು ಯಾರು? ಮೊದಮೊದಲು ಓಡಿ ಬರುತ್ತಿದ್ದ ಹೇಮಲತಾಳಿಗೆ, "ಅದು ಸುಮ್ನೆ ಬಡ್ಕೊಳ್ತೈತೆ ಸಿಸ್ಟರ್, ಆಫ್ ಮಾಡ್ಬಿಡಿ" ಎಂದು ಕಲಿಸಿದವನೂ ಇವನೇ. ಪರೀಕ್ಷೆ ಡ್ಯೂಟಿಯಿಂದಾಗಿ ಇವನು ಹೋಗಲಾಗದ ಆ ಒಂದು ದಿನ ಅವಳು ಹಾಗೇ ಮಾಡಿದ್ದಳು.

ಮಧುಕುಮಾರ ಅಡುಗೆಮನೆಗೆ ಹೋಗಿ ಅವ್ವ ದ್ಯಾವಮ್ಮನಿಗೆ ಎಲ್ಲವನ್ನೂ ಹೇಳಿ ಅತ್ತ. "ನಂದೇ ತಪ್ಪು ಕಣವ್ವ."

ದ್ಯಾವಮ್ಮ ಸೊಪ್ಪು ಬಿಡಿಸುತ್ತಲೇ ಇದ್ದಳು. "ನನ್ ಮುಂದೆ ಅತ್ರೆ ಏನ್ ಬಂತು? ಹೆತ್ತೋಳು, ಸುಮ್ನಿರು ಮಗಾ ಅಂತೀನಿ. ನಾಳೆ ಅಲ್ಲಿ ಹೇಳ್ತೀಯಾ?"

ಅಪ್ಪನನ್ನು ಕೊಂದ ಮಗ ಎಂದು ಊರು ಆಡುವ ಮಾತು ಅವನಿಗೆ ಈಗಲೇ ಕೇಳಿಸಿತು. ಕಣ್ಣೊರೆಸಿಕೊಂಡು ಬಾಗಿಲ ಕಡೆ ತಿರುಗಿದ.

ದ್ಯಾವಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಹೋದೋನು ನನ್ ಗಂಡ. ನಾಳೆ ನಾನೂ ಬತ್ತೀನಿ. ನೀನ್ ಹೇಳ್ದಿದ್ರೆ ನಾನ್ ಹೇಳ್ತೀನಿ."