ಕೋಚ್ ಹಾಲರನ್‌ಗೆ ಬೀಳ್ಕೊಡುಗೆ

ಆಲೂಗಡ್ಡೆ ತಣ್ಣಗಾಗಿದೆ, ಉಪ್ಪಿಲ್ಲ, ಖಾರವಿಲ್ಲ, ಫೋರ್ಕಿನಲ್ಲಿ ಕೆದಕುತ್ತ ಕೂತಳು ಪ್ರಭಾ, ಇಂಥ ಊಟ ಹಾಕಿ ಈ ಜನ ಒಬ್ಬ ಮನುಷ್ಯನನ್ನು ದೇವರು ಮಾಡುತ್ತಾರಲ್ಲ, ರೋಬ್ಲೆಸ್ ಕಾಲೇಜಿನ ಜಿಮ್ಮಿನ ತುಂಬ ಮೇಜು, ಗೋಡೆಗೆಲ್ಲ ಹಳದಿ ಬಟ್ಟೆ, ಸ್ಯಾನ್ ಫ್ರಾನ್ಸಿಸ್ಕೋದಿಂದ ಟೀವಿಯವರು ಬೇರೆ — ಕೋಚ್ ಹಾಲರನ್ ನಿವೃತ್ತನಾಗುತ್ತಿದ್ದಾನೆ, ಕೊನೆಗೂ, ಈ ಎಂಬತ್ತೈದನೇ ಇಸವಿಯ ಡಿಸೆಂಬರಿನಲ್ಲಾದರೂ. ಅವಳನ್ನು ಹಾಲರನ್‌ನ ಹೆಂಡತಿ ಡೊರೊತಿಯ ಪಕ್ಕ ಕೂರಿಸಿದ್ದಾರೆ, ಗಂಡ ವೆಂಕಟಾಚಲ ಮಾತ್ರ ಅಲ್ಲಿ ದೂರದಲ್ಲಿ, ಕಾಫಿ ಇಟ್ಟ ಮೇಜಿನ ಹತ್ತಿರ ಗೋಡೆಗೊರಗಿ ನಿಂತಿದ್ದಾನೆ, ಬನ್ರೀ ಕೂತ್ಕೊಳ್ಳಿ ಅಂದರೆ ನನಗೆ ಇಲ್ಲೇ ಸರಿ ಅಂದ, ಅಲ್ಲಿಂದ ಅವನ ಹಾಲರನ್ ಚೆನ್ನಾಗಿ ಕಾಣುತ್ತಾನಲ್ಲ, ಅದಕ್ಕೆ. ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಲು ಮೈಸೂರಿನಿಂದ ಬಂದವನು, ಫುಟ್ಬಾಲ್ ಅಂದರೆ ಕಾಲಲ್ಲಿ ಒದೆಯುವುದು ಅಂದುಕೊಂಡಿದ್ದವನು, ಇವರೋ ಚೆಂಡನ್ನು ಎದೆಗವಚಿಕೊಂಡು ಓಡಿ ಒಬ್ಬರ ಮೇಲೊಬ್ಬರು ಬೀಳುವವರು, ಒಂದು ದಿನ ಹಾಲರನ್ ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತು, ಎದುರು ಟೀಮು ಯಾವಾಗ ಯಾವ ಕಡೆ ನುಗ್ಗುತ್ತೆ ಅಂತ ಲೆಕ್ಕ ಹಾಕಿ ಹೇಳ್ತೀರಾ ಪ್ರೊಫೆಸರ್ ಅಂದ, ಅಷ್ಟೇ, ಹೋದವನು ಹೋದ — ಶನಿವಾರವಾದರೆ ಸ್ಟೇಡಿಯಮ್ಮಿನ ಮೇಲಿನ ಗಾಜಿನ ಗೂಡಿನಲ್ಲಿ ಕೂತು, ಕೆಳಗೆ ಮೈದಾನದಂಚಿನಲ್ಲಿ ನಿಂತ ಹಾಲರನ್‌ನ ಕಿವಿಗೆ ಹೆಡ್‌ಸೆಟ್ಟಿನಲ್ಲಿ ಮಾತು, ಇಡೀ ಮಧ್ಯಾಹ್ನ ಮಾತು, ಮನೆಗೆ ಬಂದರೆ ಹ್ಞೂಂ, ಊಹೂಂ. ಮಗಳು ಹುಟ್ಟಿದ ದಿನವೂ ಆಟ, ಶೂಗಂಟಿದ ಹುಲ್ಲಿನ ಸಮೇತ ಆಸ್ಪತ್ರೆಗೆ ಬಂದು ಗೆದ್ವಿ ಕಣೇ ಅಂದ, ಆಮೇಲೆ ಮಗು ನೋಡಿದ. ಅವನ ಮನಸ್ಸು ಕದ್ದದ್ದು ಹೆಂಗಸಾಗಿದ್ದರೆ ಜಗಳವಾಡಬಹುದಿತ್ತು, ನಾಲ್ಕು ಜನರ ಹತ್ತಿರ ಹೇಳಿಕೊಂಡು ಅಳಬಹುದಿತ್ತು, ಅರವತ್ತು ದಾಟಿದ ಬೋಳುತಲೆಯ ಗಂಡಸಿನ ಮೇಲೆ ಹೊಟ್ಟೆಕಿಚ್ಚು ಅಂದರೆ ಯಾರು ನಂಬುತ್ತಾರೆ, ಇರಲಿ, ಮುಗಿಯಿತಲ್ಲ, ಇನ್ನು ಶನಿವಾರ ಮಾಂಟೆರೆ ಕಡೆ ಸಮುದ್ರಕ್ಕೆ ಹೋಗೋಣವಾ ಎಂದು ನಿನ್ನೆ ಕೇಳಿದಳು, ಹ್ಞೂಂ ಅಂದ, ಮುಖವೇ ಎತ್ತಲಿಲ್ಲ.

ಹಾಲರನ್ ಈಗ ಮೈಕಿನ ಮುಂದೆ, ಹಳೆಯ ಆಟಗಾರರನ್ನು ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು ಹಿಡಿದು ಕರೆಯುತ್ತಿದ್ದಾನೆ, ಎಂಥ ನೆನಪು ನೋಡಿ ಈ ವಯಸ್ಸಲ್ಲಿ, ಅನ್ನುತ್ತಾರೆ ಹಿಂದಿನ ಮೇಜಿನವರು, ಆದರೆ ಪ್ರತಿ ಹೆಸರಿಗೂ ಮುಂಚೆ ಒಂದು ಗಳಿಗೆ ತಡೆಯುತ್ತಾನೆ, ಕಾಫಿ ಮೇಜಿನ ಕಡೆ ನೋಡುತ್ತಾನೆ, ಯಾಕೆ ಅಲ್ಲೇ, ಅವಳೂ ನೋಡಿದಳು — ವೆಂಕಟಾಚಲನ ತುಟಿ ಆಡುತ್ತಿದೆ, ಸದ್ದಿಲ್ಲ, ಬರೀ ತುಟಿ, ಅದು ಆಡಿದ ಮೇಲೆ ಹಾಲರನ್‌ನ ಬಾಯಲ್ಲಿ ಹೆಸರು. ಡೊರೊತಿ ಅವಳ ಕೈ ಹಿಡಿದುಕೊಂಡಳು, ಕಿವಿಯ ಹತ್ತಿರ ಬಗ್ಗಿ, ನಿನಗೆ ಹೇಳಿಲ್ಲವಾ ಅವನು, ನನ್ನ ಗಂಡನಿಗೆ ಮರೆವು ಶುರುವಾಗಿ ಎರಡು ವರ್ಷವಾಯಿತು, ಹುಡುಗರ ಹೆಸರು, ಮನೆಯ ದಾರಿ, ಎಲ್ಲ, ಹೆಡ್‌ಸೆಟ್ಟಿನಲ್ಲಿ ನಿನ್ನ ಗಂಡನೇ ಹೇಳಿಕೊಡುತ್ತಿದ್ದದ್ದು, ಆಟ ಮುಗಿದರೆ ಅವನೇ ಕಾರಿನಲ್ಲಿ ತಂದು ಬಿಡುತ್ತಿದ್ದದ್ದು, ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದ, ನಿನಗಾದರೂ ಹೇಳಿರುತ್ತಾನೆ ಅಂದುಕೊಂಡಿದ್ದೆ, ಎಂದಳು. ಪಾಪ ಅನ್ನಬೇಕು, ಅಂದಳು ಕೂಡ ಪ್ರಭಾ, ಐ ಆ್ಯಮ್ ಸೋ ಸಾರಿ ಡೊರೊತಿ ಅಂದಳು, ಆದರೆ ಎರಡು ವರ್ಷ, ಪಕ್ಕದಲ್ಲೇ ಮಲಗಿದವನು — ತನಗೆ ಆಪರೇಶನ್ ಆದಾಗ ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಒಂದು ಸಲವೂ ನೆನಪಿಟ್ಟುಕೊಳ್ಳದವನು, ಇಷ್ಟೊಂದು ಅಕ್ಕರೆ ಇವನೊಳಗೆ ಇತ್ತಾ, ಇಲ್ಲವೆಂದೇ ಸಮಾಧಾನ ಮಾಡಿಕೊಂಡಿದ್ದಳು, ಇಲ್ಲದ್ದನ್ನು ಕೇಳುವುದು ಹೇಗೆ ಎಂದು ಸುಮ್ಮನಿದ್ದಳು, ಇತ್ತು, ಬೇರೆ ಕಡೆ ಖರ್ಚಾಗುತ್ತಿತ್ತು.

ಯಾವಾಗ ಎದ್ದಳೋ, ಸೀರೆಯ ನೆರಿಗೆ ಹಿಡಿದು ಮೇಜುಗಳ ನಡುವೆ ನಡೆಯುತ್ತಿದ್ದಾಳೆ, ಕಾಫಿಗೆ ಹೊರಟವಳ ಹಾಗೆ, ಎಕ್ಸ್‌ಕ್ಯೂಸ್ ಮಿ, ಎಕ್ಸ್‌ಕ್ಯೂಸ್ ಮಿ, ಹೋಗಿ ನಿಂತಳು, ಗಂಡನ ಎದುರಿಗೆ, ಸ್ಟೇಜಿಗೆ ಬೆನ್ನು ಮಾಡಿ, ಈಗ ನೋಡಲಿ, ಈಗ ಹೇಳಲಿ ಹೆಸರು. ಬೆನ್ನ ಹಿಂದೆ ಹಾಲರನ್‌ನ ದನಿ ಒಂದು ಅಕ್ಷರಕ್ಕೆ ಕಚ್ಚಿಕೊಂಡಿತು, ಮತ್ತೆ ಅದೇ ಅಕ್ಷರ, ಮತ್ತೆ, ಪಕ್ಕಕ್ಕೆ ಸರಿಯೇ ಸ್ವಲ್ಪ ಎಂದ ವೆಂಕಟಾಚಲ, ಬೇಡಿಕೊಳ್ಳುವ ದನಿ, ಎಂದೂ ಕೇಳದ ದನಿ, ಅವಳು ಸರಿಯಲಿಲ್ಲ. ಆಗ ಹಾಲರನ್ ನಕ್ಕ, ಮುದುಕ ಜಾಣ, ಮೈಕಿನಲ್ಲಿ ಹೇಳಿದ, ಅಲ್ಲಿ ಸೀರೆಯುಟ್ಟ ಆ ಹೆಂಗಸು ಇದ್ದಾರಲ್ಲ, ಅವರ ಶನಿವಾರಗಳನ್ನೆಲ್ಲ ನಾನು ಕದ್ದಿದ್ದೇನೆ, ಇವತ್ತು ಕ್ಷಮೆ ಕೇಳಬೇಕು, ನಮ್ಮ ವೆಂಕಿಯ ಹೆಂಡತಿ, ಮಿಸೆಸ್ — ಅಲ್ಲ, ಅವರ ಹೆಸರು — ತಡೆದ. ಮದುವೆಯಾದಂದಿನಿಂದ ವೆಂಕಟಾಚಲ ಅವಳನ್ನು ಹೆಸರು ಹಿಡಿದು ಕರೆದವನಲ್ಲ, ಲೇ, ಕೇಳಿಸ್ತೇನೇ, ಇವಳೇ, ಅಷ್ಟರಲ್ಲೇ ಸಂಸಾರ ನಡೆದಿದೆ, ಈಗ ಒಂದು ಗೇಣು ದೂರದಲ್ಲಿ ಅವನ ಮುಖ, ಕಣ್ಣು ಅವಳ ಮೇಲಿಲ್ಲ, ಕತ್ತು ಚಾಚಿ ಅವಳ ಹೆಗಲಿನ ಆಚೆ ನೋಡುತ್ತಿದ್ದಾನೆ, ಒದ್ದೆ ಕಣ್ಣು, ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು, ಪ್ರ, ಭಾ, ಸದ್ದಿಲ್ಲ, ಹೆಸರು ಅವಳನ್ನು ದಾಟಿ ಹೋಯಿತು, ಸ್ಟೇಜಿನ ಮೇಲಿನವನಿಗೆ ಹೋಯಿತು, ಪ್ರಭಾ ಎಂದು ಮೈಕಿನಲ್ಲಿ ಹಾಲರನ್ ಕೂಗಿದ, ಜನ ಎದ್ದು ನಿಂತರು, ಅವಳು ತಿರುಗಲಿಲ್ಲ, ಆ ತುಟಿ, ಕೂಡಿತು, ಬಿಟ್ಟಿತು, ಮತ್ತೆ ಕೂಡಿತು, ಆ ತುಟಿ —